ರ‍್ಯಾಂಡಲ್ ಥಾಂಪ್ಸನ್ ಅವರ ವೃಂದಗಾನ ಧ್ವನಿಮುದ್ರಣಗಳ ದಾಖಲೀಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ರ‍್ಯಾಂಡಲ್ ಥಾಂಪ್ಸನ್ ಯಾರು? ಅವರ ಧ್ವನಿಮುದ್ರಣಗಳನ್ನು ಪ್ರತ್ಯೇಕವಾಗಿ ದಾಖಲಿಸುವ ಅಗತ್ಯವೇನು?

ರ‍್ಯಾಂಡಲ್ ಥಾಂಪ್ಸನ್ 1899ರ ಏಪ್ರಿಲ್ 21ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿ, 1984ರ ಜುಲೈ 9ರಂದು ಬಾಸ್ಟನ್ನಿನಲ್ಲಿ ತೀರಿಕೊಂಡ ಅಮೆರಿಕದ ಶಾಸ್ತ್ರೀಯ ಸಂಗೀತ ಸಂಯೋಜಕರು. ವಾದ್ಯವೃಂದಕ್ಕಾಗಿ ಮೂರು ಸಿಂಫನಿಗಳನ್ನು ಬರೆದಿದ್ದರೂ ಅವರ ಹೆಸರು ನಿಂತಿರುವುದು ವೃಂದಗಾನದಲ್ಲಿ. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಲ್ಲಿನ ಗಾಯಕರ ವೃಂದವಾದ ಗ್ಲೀ ಕ್ಲಬ್ಬಿನ ಧ್ವನಿಪರೀಕ್ಷೆಯಲ್ಲಿ ಅವರನ್ನು ತಿರಸ್ಕರಿಸಲಾಯಿತು. ಆ ತಿರಸ್ಕಾರಕ್ಕೆ ಉತ್ತರ ಕೊಡುವ ಪ್ರಯತ್ನವೇ ತಮ್ಮ ಬದುಕಾಯಿತು ಎಂಬರ್ಥದ ಮಾತನ್ನು ಅವರು ಮುಂದೆ ಹೇಳಿಕೊಂಡಿದ್ದರು. ಅದೇ ಗ್ಲೀ ಕ್ಲಬ್ 1945ರಲ್ಲಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ನಿಂತು ಅವರ ಕೃತಿಯೊಂದನ್ನು ಧ್ವನಿಮುದ್ರಿಸಿತು. ವಿದ್ಯಾರ್ಥಿಯಾಗಿದ್ದ ವಿಶ್ವವಿದ್ಯಾಲಯದಲ್ಲೇ 1948ರಿಂದ 1965ರವರೆಗೆ ಅವರು ಪಾಠ ಹೇಳಿದರು.

ಅವರ ಕೃತಿಗಳನ್ನು ಹೆಚ್ಚಾಗಿ ಹಾಡಿದವರು ಶಾಲೆ, ಕಾಲೇಜು, ಚರ್ಚು ಮತ್ತು ಊರಿನ ಹವ್ಯಾಸಿ ವೃಂದಗಳವರು. ದೊಡ್ಡ ಕಂಪನಿಗಳು ಹೊರತಂದ ಗ್ರಾಮಫೋನ್ ತಟ್ಟೆಗಳ ವಿವರ ಎಲ್ಲಾದರೂ ಸಿಕ್ಕೀತು. ಕಾಲೇಜಿನ ವೃಂದವೊಂದು ವರ್ಷಾಂತ್ಯದ ಕಾರ್ಯಕ್ರಮವನ್ನು ಧ್ವನಿಮುದ್ರಿಸಿ, ಕೆಲವೇ ಪ್ರತಿ ಒತ್ತಿಸಿ, ಹಾಡಿದ ಮಕ್ಕಳ ಮನೆಗಳಿಗೆ ಹಂಚಿದ, ಹೆಚ್ಚು ಹೊತ್ತು ಓಡುವ ತಟ್ಟೆಯಾದ ಎಲ್‌ಪಿಯ ವಿವರವನ್ನು ಯಾರಾದರೂ ಕುಳಿತು ಬರೆದಿಡದಿದ್ದರೆ ಆ ಗಾಯನ ನಡೆಯಿತೆಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಈ ಕೆಲಸ ಹುಟ್ಟಿದ್ದು ಆ ಕಾಳಜಿಯಿಂದ.

ವರ್ಜಿಲ್ ಥಾಮ್ಸನ್ ಮತ್ತು ರ‍್ಯಾಂಡಲ್ ಥಾಂಪ್ಸನ್ ಒಬ್ಬರೇ ಅಲ್ಲವೇ?

ಅಲ್ಲ. ಈ ಗೊಂದಲ ಅಮೆರಿಕದಲ್ಲೂ ಇದೆ. ವರ್ಜಿಲ್ ಥಾಮ್ಸನ್ 1896ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡವರು. ಅವರೂ ಹಾರ್ವರ್ಡ್‌ನಲ್ಲೇ ಓದಿದವರು, ಅವರೂ ವೃಂದಗಾನ ಬರೆದವರು. ರೋಮನ್ ಲಿಪಿಯಲ್ಲಿ ಇಬ್ಬರ ಮನೆತನದ ಹೆಸರಿಗೂ ಇರುವ ವ್ಯತ್ಯಾಸ ‘ಪಿ’ ಎಂಬ ಒಂದೇ ಅಕ್ಷರದ್ದು, ರ‍್ಯಾಂಡಲ್ ಅವರ ಹೆಸರಿನಲ್ಲಿ ಅದು ಇದೆ, ವರ್ಜಿಲ್ ಅವರ ಹೆಸರಿನಲ್ಲಿ ಇಲ್ಲ. ಉಚ್ಚಾರದಲ್ಲಿ ಆ ಅಕ್ಷರ ಕೇಳಿಸುವುದೇ ಇಲ್ಲವಾದ್ದರಿಂದ, ಉಚ್ಚಾರವನ್ನು ಅನುಸರಿಸುವ ಕನ್ನಡ ಬರಹದಲ್ಲಿ ಇಬ್ಬರೂ ‘ಥಾಮ್ಸನ್’ ಆಗಿಬಿಡುತ್ತಾರೆ.

ನಮ್ಮ ದಾಖಲೆಗಳಲ್ಲಿ ಒಬ್ಬರನ್ನು ‘ಥಾಂಪ್ಸನ್’, ಇನ್ನೊಬ್ಬರನ್ನು ‘ಥಾಮ್ಸನ್’ ಎಂದು ಬರೆಯುವ ಕಟ್ಟುನಿಟ್ಟು ಇರುವುದು ಈ ಕಾರಣಕ್ಕೆ. ಉಚ್ಚಾರದ ದೃಷ್ಟಿಯಿಂದ ಇದು ಅಷ್ಟು ಸರಿಯಲ್ಲವೆಂದು ಬಲ್ಲೆ, ಆದರೆ ಇಲ್ಲಿ ಉಚ್ಚಾರಕ್ಕಿಂತ ವ್ಯಕ್ತಿಯ ಗುರುತು ಮುಖ್ಯ. ಇದರ ಜೊತೆಗೆ ಪ್ರತಿ ನಮೂದಿನಲ್ಲೂ ಜನನ ಮರಣದ ವರ್ಷಗಳನ್ನು ಮತ್ತು ರೋಮನ್ ಲಿಪಿಯ ಮೂಲ ಕಾಗುಣಿತವನ್ನು ಪ್ರತ್ಯೇಕ ಅಂಕಣದಲ್ಲಿ ಇಡಬೇಕು. ತಟ್ಟೆಯ ರಟ್ಟಿನ ಹೊದಿಕೆಯ ಮೇಲೆ ಬರೀ ‘ಥಾಂಪ್ಸನ್’ ಎಂದಿದ್ದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಅಚ್ಚುಮನೆಯವರೂ ಆ ಅಕ್ಷರವನ್ನು ಬೇಡದ ಕಡೆ ಸೇರಿಸಿದ್ದಾರೆ, ಬೇಕಾದ ಕಡೆ ಬಿಟ್ಟಿದ್ದಾರೆ. ಆರಂಭದಲ್ಲಿ ನಾನೇ ಹೀಗೆ ಒಂದು ತಟ್ಟೆಯನ್ನು ತಪ್ಪು ಹೆಸರಿಗೆ ಸೇರಿಸಿದ್ದೆ. ಹಾಡನ್ನು ಪೂರ್ತಿ ಕೇಳಿ, ಸಾಹಿತ್ಯವನ್ನು ಹೋಲಿಸಿದ ಮೇಲಷ್ಟೇ ತಿದ್ದಲು ಸಾಧ್ಯವಾಯಿತು.

ಒಂದು ನಮೂದು ಎಂದರೆ ಏನು? ಒಂದು ತಟ್ಟೆಯೇ, ಒಂದು ಹಾಡೇ?

ಎರಡೂ ಅಲ್ಲ. ಹಳಗನ್ನಡ ಕಾವ್ಯಗಳ ಗ್ರಂಥಸಂಪಾದನೆಯ ಪರಿಚಯವಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಕವಿ ಬರೆದ ಕಾವ್ಯ ಬೇರೆ, ಅದರ ಪಾಠಾಂತರ ಬೇರೆ, ಒಬ್ಬ ಲಿಪಿಕಾರ ಬರೆದುಕೊಂಡ ಓಲೆಗರಿಯ ಪ್ರತಿ ಬೇರೆ, ಆ ಪ್ರತಿಯನ್ನು ಆಧರಿಸಿ ಮುದ್ರಿಸಿದ ಪುಸ್ತಕ ಬೇರೆ. ಧ್ವನಿಮುದ್ರಣದಲ್ಲೂ ಹೀಗೆಯೇ ನಾಲ್ಕು ಹಂತಗಳಿವೆ. ಥಾಂಪ್ಸನ್ ರಚಿಸಿದ್ದು ಕೃತಿ. ಆ ಕೃತಿಯನ್ನು ಗಂಡು ದನಿಗಳಿಗೋ, ಹೆಣ್ಣು ದನಿಗಳಿಗೋ, ಮಿಶ್ರ ವೃಂದಕ್ಕೋ, ಪಿಯಾನೊ ಅಥವಾ ಆರ್ಕೆಸ್ಟ್ರಾದ ಪಕ್ಕವಾದ್ಯಕ್ಕೋ ಹೊಂದಿಸಿದ ರೂಪ ಪಾಠ. ಇಂಥ ದಿನ, ಇಂಥ ಸಭಾಂಗಣದಲ್ಲಿ, ಇಂಥ ವೃಂದ ಹಾಡಿದ್ದನ್ನು ಹಿಡಿದಿಟ್ಟದ್ದು ಧ್ವನಿಮುದ್ರಣ. ಅದನ್ನು ಜನರ ಕೈಗೆ ತಲುಪಿಸಿದ ತಟ್ಟೆ, ಸುರುಳಿ, ಸಿ.ಡಿ. ಅಥವಾ ಡಿಜಿಟಲ್ ಕಡತ ಪ್ರಕಟಣೆ.

ನಮ್ಮ ನಮೂದಿನ ಕೇಂದ್ರ ಮೂರನೆಯದು, ಅಂದರೆ ಹಾಡಿದ ಆ ಒಂದು ಸಂದರ್ಭ. ಅದೇ ಗಾಯನ ಮೊದಲು ಎಪ್ಪತ್ತೆಂಟರ (ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ) ತಟ್ಟೆಯಾಗಿ, ಆಮೇಲೆ ಎಲ್‌ಪಿಯಾಗಿ, ಕೊನೆಗೆ ಸಿ.ಡಿ.ಯಾಗಿ ಬಂದಿದ್ದರೆ ಅದು ಮೂರು ಪ್ರಕಟಣೆಗಳಿರುವ ಒಂದೇ ನಮೂದು. ಅದೇ ವೃಂದ, ಅದೇ ನಿರ್ದೇಶಕರು ಹತ್ತು ವರ್ಷಗಳ ನಂತರ ಅದೇ ಕೃತಿಯನ್ನು ಮತ್ತೆ ಹಾಡಿದ್ದರೆ ಅದು ಹೊಸ ನಮೂದು. ಈ ಭೇದವನ್ನು ಕಾಯ್ದುಕೊಳ್ಳದ ಪಟ್ಟಿಗಳಲ್ಲಿ ಒಂದೇ ಗಾಯನ ಐದು ಸಲ ಲೆಕ್ಕಕ್ಕೆ ಬಂದಿರುತ್ತದೆ, ಐದು ಬೇರೆ ಗಾಯನಗಳು ಒಂದೇ ಸಾಲಿನಲ್ಲಿ ಮುಚ್ಚಿಹೋಗಿರುತ್ತವೆ.

ಥಾಂಪ್ಸನ್ ಅವರ ‘ಅಲೆಲೂಯಾ’ ಕೃತಿಯ ಧ್ವನಿಮುದ್ರಣಗಳು ಅಸಂಖ್ಯವಾಗಿವೆ. ಎಲ್ಲವನ್ನೂ ದಾಖಲಿಸಬೇಕೇ?

ಕೈಗೆ ಸಿಕ್ಕಿದ್ದನ್ನೆಲ್ಲ ದಾಖಲಿಸಬೇಕು. ಈ ಕೃತಿಯ ಹಿನ್ನೆಲೆ ತಿಳಿದಿದ್ದರೆ ಅದೇಕೆಂಬುದು ಗೊತ್ತಾಗುತ್ತದೆ. 1940ರ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಟ್ಯಾಂಗಲ್‌ವುಡ್‌ನಲ್ಲಿ ಬರ್ಕ್‌ಶೈರ್ ಸಂಗೀತ ಕೇಂದ್ರ ಆರಂಭವಾಗುವುದಿತ್ತು. ಬಾಸ್ಟನ್ ಸಿಂಫನಿಯ ನಿರ್ದೇಶಕರಾಗಿದ್ದ ಸರ್ಜ್ ಕುಸೆವಿಟ್ಸ್ಕಿ ಉದ್ಘಾಟನೆಗೆ ಸಂಭ್ರಮದ ಹಾಡೊಂದು ಬೇಕೆಂದು ಥಾಂಪ್ಸನ್ ಅವರನ್ನು ಕೇಳಿದರು. ಆಗಷ್ಟೇ ಫ್ರಾನ್ಸ್ ನಾಜಿ ಸೇನೆಯ ವಶವಾಗಿತ್ತು. ಅಂಥ ಹೊತ್ತಿನಲ್ಲಿ ಸಂಭ್ರಮದ ಹಾಡು ಥಾಂಪ್ಸನ್ ಅವರಿಂದ ಆಗಲಿಲ್ಲ. ಜುಲೈ ಮೊದಲ ವಾರದಲ್ಲಿ ಐದು ದಿನ ಕುಳಿತು ಅವರು ಬರೆದದ್ದು ನಿಧಾನಗತಿಯ, ಶೋಕ ಮತ್ತು ಶರಣಾಗತಿಯ ಭಾವದ ಕೃತಿ. ಎಲ್ಲವನ್ನೂ ಕಳೆದುಕೊಂಡ ಯೋಬ ದೇವರ ನಾಮವನ್ನು ಕೊಂಡಾಡುವ ಬೈಬಲ್ಲಿನ ಸಾಲಿಗೆ ಅವರು ಇದನ್ನು ಹೋಲಿಸುತ್ತಿದ್ದರು. ಇಡೀ ಕೃತಿಯ ಸಾಹಿತ್ಯ ‘ಅಲೆಲೂಯಾ’ ಎಂಬ ಒಂದೇ ಪದ, ಕೊನೆಯಲ್ಲಿ ಬರುವುದು ‘ಆಮೆನ್’. ಜುಲೈ 8ರಂದು ಉದ್ಘಾಟನೆಗೆ ಮುಕ್ಕಾಲು ಗಂಟೆ ಮಾತ್ರ ಉಳಿದಿದ್ದಾಗ ಸ್ವರಪ್ರತಿಗಳು ವಿದ್ಯಾರ್ಥಿಗಳ ಕೈಗೆ ಬಂದವು. ಜಿ. ವ್ಯಾಲೇಸ್ ವುಡ್‌ವರ್ತ್ ಅಷ್ಟರಲ್ಲೇ ಅಭ್ಯಾಸ ಮಾಡಿಸಿ ಹಾಡಿಸಿದರು. ಅಲ್ಲಿಂದ ಮುಂದೆ ಟ್ಯಾಂಗಲ್‌ವುಡ್‌ನ ಪ್ರತಿವರ್ಷದ ಆರಂಭಕ್ಕೆ ಇದನ್ನು ಹಾಡುವುದು ವಾಡಿಕೆಯಾಯಿತು.

ಹೀಗೆ ಒಂದೇ ಪದವಿರುವ ಕೃತಿಯಲ್ಲಿ ವೃಂದ ಯಾವುದೆಂಬುದನ್ನು ಸಾಹಿತ್ಯದಿಂದ ಗುರುತಿಸಲು ದಾರಿಯೇ ಇಲ್ಲ. ಗತಿ, ದನಿಗಳ ಹಂಚಿಕೆ, ಉಸಿರಿನ ಜಾಗ, ಸಭಾಂಗಣದ ಅನುರಣನ, ಇಷ್ಟೇ ಗುರುತುಗಳು. ಆದ್ದರಿಂದ ಇಲ್ಲಿ ನಮೂದು ಹೆಚ್ಚು ವಿವರವಾಗಿರಬೇಕು. ಮೊದಲಿಗೆ ಪಾಠ: ಮೂಲ ರೂಪ ಪಕ್ಕವಾದ್ಯವಿಲ್ಲದ ಮಿಶ್ರ ವೃಂದದ್ದು, ಆದರೆ ಗಂಡು ದನಿಗಳ ಮತ್ತು ಹೆಣ್ಣು ದನಿಗಳ ರೂಪಾಂತರಗಳೂ ಇವೆ. ಆಮೇಲೆ ಅವಧಿ: ಐದು ನಿಮಿಷದಿಂದ ಏಳು ನಿಮಿಷದವರೆಗೆ ವ್ಯತ್ಯಾಸ ಸಾಮಾನ್ಯ. ಹನ್ನೆರಡು ಅಂಗುಲದ ಎಪ್ಪತ್ತೆಂಟರ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುವುದು ನಾಲ್ಕರಿಂದ ಐದು ನಿಮಿಷದ ಸಂಗೀತ. ಹಾಗಾಗಿ ಆ ಕಾಲದ ತಟ್ಟೆ ಸಿಕ್ಕಿದರೆ ಹಾಡನ್ನು ಎರಡು ಬದಿಗೆ ತುಂಡು ಮಾಡಲಾಗಿದೆಯೇ, ಇಲ್ಲವೆ ಅವಸರದಲ್ಲಿ ಹಾಡಲಾಗಿದೆಯೇ ಎಂಬುದನ್ನು ಕೇಳಿಯೇ ಬರೆಯಬೇಕು.

‘ಅಲೆಲೂಯಾ’ ಎಂಬ ಶೀರ್ಷಿಕೆಯ ಕೃತಿಗಳನ್ನು ಬರೆದ ಸಂಯೋಜಕರು ಬಹಳ ಮಂದಿ ಇದ್ದಾರೆ. ಸಂಯೋಜಕರ ಹೆಸರಿಲ್ಲದ ತಟ್ಟೆಯ ಮೇಲೆ ಈ ಶೀರ್ಷಿಕೆ ಕಂಡಕೂಡಲೇ ಥಾಂಪ್ಸನ್ ಅವರದೆಂದು ಬರೆದುಕೊಳ್ಳಬೇಡಿ.

ಶ್ರುತಿಯನ್ನೂ ದಾಖಲಿಸಬೇಕೆ?

ಪಕ್ಕವಾದ್ಯವಿಲ್ಲದ ಕೃತಿಗಳಲ್ಲಿ ದಾಖಲಿಸುವುದು ಒಳ್ಳೆಯದು. ಇದರಲ್ಲಿ ಕರ್ನಾಟಕದ ಸಂಗೀತಾಭ್ಯಾಸ ಇರುವವರಿಗೆ ಸಹಜವಾದ ಅನುಕೂಲವಿದೆ. ‘ಅಲೆಲೂಯಾ’ದ ಆಧಾರ ಸ್ವರ ಹಾರ್ಮೋನಿಯಂನಲ್ಲಿ ಬಿಳಿ ಎರಡು. ಶ್ರುತಿಪೆಟ್ಟಿಗೆಯನ್ನು ಅದಕ್ಕೆ ಹೊಂದಿಸಿಕೊಂಡು, ಹಾಡಿನ ಮೊದಲ ಸ್ವರಮೇಳವನ್ನೂ ಕೊನೆಯ ‘ಆಮೆನ್’ ಅನ್ನೂ ಅದರ ಜೊತೆ ಕೇಳಿ. ಮೊದಲು ಸರಿಯಾಗಿದ್ದು ಕೊನೆಯಲ್ಲಿ ಅರ್ಧ ಮನೆ ಇಳಿದಿದ್ದರೆ ವೃಂದ ಶ್ರುತಿ ಬಿಟ್ಟಿದೆ ಎಂದರ್ಥ. ಮೊದಲಿನಿಂದ ಕೊನೆಯವರೆಗೂ ಒಂದೇ ಅಳತೆಯಲ್ಲಿ ಇಳಿದಿದ್ದರೆ ಅಥವಾ ಏರಿದ್ದರೆ ತಟ್ಟೆಯನ್ನು ಡಿಜಿಟಲ್‌ಗೆ ಇಳಿಸುವಾಗ ವೇಗ ತಪ್ಪಿರುವ ಸಾಧ್ಯತೆ ಹೆಚ್ಚು, ಆಗ ಆ ಕಡತದ ಅವಧಿಯನ್ನೂ ನಂಬುವಂತಿಲ್ಲ. ನಿರ್ದೇಶಕರು ಬೇಕೆಂದೇ ಶ್ರುತಿ ಬದಲಿಸಿ ಹಾಡಿಸಿರಲೂಬಹುದು. ಕಾರಣ ಗೊತ್ತಿಲ್ಲದಿದ್ದರೆ ಕೇಳಿದ್ದನ್ನಷ್ಟೇ ಬರೆದು, ಕಾರಣದ ಅಂಕಣವನ್ನು ಖಾಲಿ ಬಿಡಿ.

ದೊಡ್ಡ ಕೃತಿಯ ಒಂದು ಭಾಗವನ್ನು ಮಾತ್ರ ಹಾಡಿದ್ದರೆ ಹೇಗೆ ನಮೂದಿಸಬೇಕು?

ಥಾಂಪ್ಸನ್ ಅವರ ವಿಷಯದಲ್ಲಿ ಅತಿ ಹೆಚ್ಚು ತೊಡಕು ಕೊಡುವುದು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1936ರ ‘ದ ಪೀಸಬಲ್ ಕಿಂಗ್‌ಡಂ’ ಪಕ್ಕವಾದ್ಯವಿಲ್ಲದ ಮಿಶ್ರ ವೃಂದಕ್ಕಾಗಿ ಬರೆದ ಎಂಟು ಭಾಗಗಳ ಕೃತಿ. ಅದರ ಸಾಹಿತ್ಯ ಬೈಬಲ್ಲಿನ ಯೆಶಾಯನ ಗ್ರಂಥದ್ದು, ಪ್ರೇರಣೆ ಎಡ್ವರ್ಡ್ ಹಿಕ್ಸ್ ಎಂಬ, ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಚಿತ್ರಕಾರನದು. ಸಿಂಹ, ಚಿರತೆ, ಕುರಿಮರಿ, ಮಗು ಎಲ್ಲ ಒಟ್ಟಿಗೆ ಇರುವ ಅದೇ ದೃಶ್ಯವನ್ನು ಹಿಕ್ಸ್ ಅರವತ್ತಕ್ಕೂ ಹೆಚ್ಚು ಸಲ ಚಿತ್ರಿಸಿದ್ದ. ಕೃತಿಯ ಐದನೆಯ ಭಾಗ ‘ದ ಪೇಪರ್ ರೀಡ್ಸ್ ಬೈ ದ ಬ್ರುಕ್ಸ್’ ಬತ್ತಿಹೋಗುವ ಜೊಂಡಿನ ಬಗ್ಗೆ ಹಾಡುವ ಶಾಂತ, ಚಿಕ್ಕ ಹಾಡು. ಅದನ್ನೊಂದೇ ಹಾಡುವ ವೃಂದಗಳು ಅನೇಕ. ಏಳು ಮತ್ತು ಎಂಟನೆಯ ಭಾಗಗಳನ್ನು ಜೋಡಿಸಿ ಹಾಡುವುದೂ ರೂಢಿ. ಹಾಡಿದ ಭಾಗಕ್ಕೆ ಅದರದೇ ಶೀರ್ಷಿಕೆಯ ನಮೂದು ಕೊಡಿ, ಮೂಲ ಕೃತಿಯ ಹೆಸರು ಮತ್ತು ಭಾಗದ ಕ್ರಮಸಂಖ್ಯೆಯನ್ನು ತಪ್ಪದೆ ಜೋಡಿಸಿ. ರಟ್ಟಿನ ಮೇಲೆ ಮೂಲ ಕೃತಿಯ ಹೆಸರಷ್ಟೇ ಇದ್ದು, ಒಳಗೆ ಎಂಟರಲ್ಲಿ ಮೂರೇ ಭಾಗಗಳಿದ್ದರೆ ‘ಆಯ್ದ ಭಾಗಗಳು’ ಎಂದು ಬರೆದು, ಯಾವುವೆಂಬುದನ್ನು ಎಣಿಸಿ ಹೇಳಿ.

‘ಫ್ರಾಸ್ಟಿಯಾನಾ’ದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಊರಿಗೆ ಇನ್ನೂರು ವರ್ಷ ತುಂಬಿದ ಸಂದರ್ಭಕ್ಕಾಗಿ ರಾಬರ್ಟ್ ಫ್ರಾಸ್ಟ್ ಅವರ ಏಳು ಕವಿತೆಗಳಿಗೆ ಥಾಂಪ್ಸನ್ ರಾಗ ಹಾಕಿದರು. 1959ರ ಅಕ್ಟೋಬರ್ 18ರಂದು ಅದು ಮೊದಲ ಸಲ ಪ್ರಯೋಗವಾದಾಗ ಸಂಯೋಜಕರೇ ನಿರ್ದೇಶಿಸಿದರು, ಎಂಬತ್ತೈದರ ಕವಿ ಸಭೆಯಲ್ಲಿದ್ದರು. ಗಂಡಸರ ವೃಂದ, ಹೆಂಗಸರ ವೃಂದ ಬೇರೆಬೇರೆಯಾಗಿ ಅಭ್ಯಾಸ ಮಾಡಿ ಕೊನೆಗೆ ಒಟ್ಟಾಗಲು ಅನುಕೂಲವಾಗುವಂತೆ ಕೃತಿಯನ್ನು ಹೆಣೆಯಲಾಗಿದೆ. ಮೊದಲನೆಯ, ನಾಲ್ಕನೆಯ ಮತ್ತು ಏಳನೆಯ ಕವಿತೆಗಳಲ್ಲಿ ಎರಡೂ ವೃಂದಗಳು ಬರುತ್ತವೆ. ಎರಡನೆಯದು ಮತ್ತು ಆರನೆಯದು ಗಂಡಸರಿಗೆ, ಮೂರನೆಯದು ಮತ್ತು ಐದನೆಯದು ಹೆಂಗಸರಿಗೆ. ಹೀಗಾಗಿ ಗಂಡಸರ ವೃಂದವೊಂದರ ತಟ್ಟೆಯಲ್ಲಿ ‘ದ ಪ್ಯಾಶ್ಚರ್’ ಮತ್ತು ‘ಸ್ಟಾಪಿಂಗ್ ಬೈ ವುಡ್ಸ್ ಆನ್ ಎ ಸ್ನೋಯಿ ಈವ್ನಿಂಗ್’ ಎರಡೇ ಇದ್ದರೆ ಅದನ್ನು ಅಪೂರ್ಣ ಧ್ವನಿಮುದ್ರಣವೆಂದು ಬರೆಯುವುದು ಸರಿಯಲ್ಲ. ಅವರಿಗೆಂದು ಬರೆದದ್ದನ್ನು ಅವರು ಪೂರ್ತಿಯಾಗಿಯೇ ಹಾಡಿದ್ದಾರೆ.

ಕೊನೆಯ ‘ಚೂಸ್ ಸಮ್‌ಥಿಂಗ್ ಲೈಕ್ ಎ ಸ್ಟಾರ್’ ಮಿಶ್ರ ವೃಂದಗಳ ಅಚ್ಚುಮೆಚ್ಚಿನದು. ಕೆಳಗಿನ ದನಿಗಳು ಚಲಿಸುತ್ತಿರುವಾಗ ಸೊಪ್ರಾನೊಗಳು (ಹೆಂಗಸರ ಮೇಲಿನ ದನಿಗಳು) ಎತ್ತರದ ಒಂದೇ ಸ್ವರವನ್ನು ನಕ್ಷತ್ರದ ಹಾಗೆ ಹಿಡಿದು ನಿಲ್ಲುವ ಜಾಗ ಅದರಲ್ಲಿದೆ. ನನ್ನ ಮಟ್ಟಿಗೆ ಎರಡು ಧ್ವನಿಮುದ್ರಣಗಳು ಒಂದೇ ಹೌದೋ ಅಲ್ಲವೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ, ಏಕೆಂದರೆ ಆ ಉದ್ದನೆಯ ಸ್ವರದಲ್ಲಿ ಯಾವ ಕ್ಷಣಕ್ಕೆ ಯಾರ ಉಸಿರು ಕೇಳಿಸುತ್ತದೆ, ಎಲ್ಲಿ ದನಿ ಸಣ್ಣಗೆ ಕಂಪಿಸುತ್ತದೆ ಎಂಬುದು ಎರಡು ಗಾಯನಗಳಲ್ಲಿ ಒಂದೇ ಆಗಿರಲು ಸಾಧ್ಯವಿಲ್ಲ.

ಪಕ್ಕವಾದ್ಯವನ್ನೂ ಮರೆಯದೆ ಬರೆಯಿರಿ. 1959ರ ಮೂಲ ಪಾಠ ಪಿಯಾನೊದ್ದು, ಆರ್ಕೆಸ್ಟ್ರಾ ರೂಪವನ್ನು ಥಾಂಪ್ಸನ್ 1965ರಲ್ಲಿ ಮಾಡಿದರು.

‘ದ ಟೆಸ್ಟಮೆಂಟ್ ಆಫ್ ಫ್ರೀಡಂ’ ಕೃತಿಗೆ ರೇಡಿಯೊ ಪ್ರಸಾರಗಳೂ ಇವೆಯಲ್ಲ, ಅವು ಲೆಕ್ಕಕ್ಕೆ ಬರುತ್ತವೆಯೇ?

ಬರುತ್ತವೆ, ಆದರೆ ಬೇರೆ ಗುಂಪಿನಲ್ಲಿ. ಥಾಮಸ್ ಜೆಫರ್ಸನ್ ಹುಟ್ಟಿ ಇನ್ನೂರು ವರ್ಷವಾದ 1943ರ ಏಪ್ರಿಲ್ 13ರಂದು, ಜೆಫರ್ಸನ್ ಅವರೇ ಕಟ್ಟಿದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಈ ಕೃತಿಯ ಮೊದಲ ಪ್ರಯೋಗ ನಡೆಯಿತು. ಆಗ ಥಾಂಪ್ಸನ್ ಅಲ್ಲಿ ಅಧ್ಯಾಪಕರಾಗಿದ್ದರು, ಹಾಡಿದ್ದು ಅಲ್ಲಿನ ಗ್ಲೀ ಕ್ಲಬ್. ನಾಲ್ಕು ಭಾಗಗಳ ಸಾಹಿತ್ಯ ಜೆಫರ್ಸನ್ ಅವರ ಬರಹಗಳದ್ದು: ಮೊದಲನೆಯದು 1774ರ ಕರಪತ್ರದಿಂದ, ಎರಡು ಮತ್ತು ಮೂರನೆಯವು 1775ರ ಘೋಷಣೆಯಿಂದ, ಕೊನೆಯದು 1821ರಲ್ಲಿ ಜಾನ್ ಆಡಮ್ಸ್ ಅವರಿಗೆ ಬರೆದ ಪತ್ರದಿಂದ. ಯುದ್ಧಕಾಲವಾದ್ದರಿಂದ ಸಿಬಿಎಸ್ ರೇಡಿಯೊ ಅದನ್ನು ಪ್ರಸಾರ ಮಾಡಿತು. ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡ ಎರಡು ದಿನಕ್ಕೆ, 1945ರ ಏಪ್ರಿಲ್ 14ರಂದು, ಬಾಸ್ಟನ್ ಸಿಂಫನಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರ ನೆನಪಿಗೆ ಇದನ್ನು ನುಡಿಸಿತು. ಅದೇ ವರ್ಷ ಕುಸೆವಿಟ್ಸ್ಕಿ ನಿರ್ದೇಶನದಲ್ಲಿ, ಹಾರ್ವರ್ಡ್ ಗ್ಲೀ ಕ್ಲಬ್ಬಿನೊಡನೆ, ವಿಕ್ಟರ್ ಕಂಪನಿಗಾಗಿ ಧ್ವನಿಮುದ್ರಣವೂ ಆಯಿತು.

ಸಭೆಯಲ್ಲಿ ಹಾಡಿದ್ದು, ರೇಡಿಯೊದಲ್ಲಿ ಹೋದದ್ದು, ಮಾರಾಟಕ್ಕೆಂದು ಮುದ್ರಿಸಿದ್ದು ಇವು ಮೂರನ್ನೂ ಬೆರೆಸಬಾರದು. ಆ ಕಾಲದ ರೇಡಿಯೊ ಪ್ರಸಾರಗಳನ್ನು ಹದಿನಾರು ಅಂಗುಲದ, ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುವ ದೊಡ್ಡ ತಟ್ಟೆಗಳಲ್ಲಿ ಹಿಡಿದಿಡುತ್ತಿದ್ದರು. ಅವು ಅಂಗಡಿಯಲ್ಲಿ ಮಾರುವ ತಟ್ಟೆಗಳಾಗಿರಲಿಲ್ಲ. ಒಂದು ಪ್ರಸಾರ ನಡೆದಿತ್ತೆಂದು ಪತ್ರಿಕೆಯಿಂದ ತಿಳಿದರೆ ಅಷ್ಟರಿಂದಲೇ ಅದರ ಧ್ವನಿಮುದ್ರಣ ಉಳಿದಿದೆ ಎಂದಾಗುವುದಿಲ್ಲ. ತಟ್ಟೆ ಅಥವಾ ಅದರ ಪ್ರತಿ ಇರುವ ಸ್ಥಳ ಖಚಿತವಾದ ಮೇಲೆಯೇ ನಮೂದು ತೆರೆಯಿರಿ.

ಈ ಕೃತಿ ಮೂಲದಲ್ಲಿ ಗಂಡು ದನಿಗಳದು. ಮಿಶ್ರ ವೃಂದದ ಪಾಠವೂ ಪ್ರಚಾರದಲ್ಲಿದೆ. ಆಲ್ಟೊ, ಸೊಪ್ರಾನೊ ಎಂಬ ಹೆಂಗಸರ ದನಿಗಳು ಕೇಳಿಸಿದರೆ ಯಾರೋ ತಪ್ಪಾಗಿ ಹೆಸರಿಸಿದ್ದಾರೆಂದು ಭಾವಿಸಬೇಡಿ.

ಆರಂಭಿಸುವವರು ಯಾವ ಧ್ವನಿಮುದ್ರಣಗಳಿಂದ ಆರಂಭಿಸಬಹುದು?

ಕುಸೆವಿಟ್ಸ್ಕಿಯವರ 1945ರ ‘ಟೆಸ್ಟಮೆಂಟ್’, ಅದೇ ಕೃತಿಯನ್ನು ಹೊವರ್ಡ್ ಹ್ಯಾನ್ಸನ್ ಈಸ್ಟ್‌ಮನ್ ಸಂಗೀತ ಶಾಲೆಯ ವೃಂದದೊಡನೆ ಮರ್ಕ್ಯುರಿ ಲೇಬಲ್ಲಿಗೆ ಮಾಡಿದ್ದು, ಹೈಪೀರಿಯನ್ ಲೇಬಲ್ಲಿನಲ್ಲಿ ಆಕ್ಸ್‌ಫರ್ಡಿನ ಸ್ಕೋಲಾ ಕಾಂಟೋರಮ್ ಜೇಮ್ಸ್ ಬರ್ಟನ್ ನಿರ್ದೇಶನದಲ್ಲಿ ಹಾಡಿದ ‘ಪೀಸಬಲ್ ಕಿಂಗ್‌ಡಂ’, ನ್ಯಾಕ್ಸೋಸ್ ಲೇಬಲ್ಲಿನಲ್ಲಿ ಫಿಲಡೆಲ್ಫಿಯಾ ಸಿಂಗರ್ಸ್ ಡೇವಿಡ್ ಹೇಯ್ಸ್ ನಿರ್ದೇಶನದಲ್ಲಿ ಹಾಡಿದ ‘ರೆಕ್ವಿಯಂ’. ಈ ಕೊನೆಯದರ ಬಗ್ಗೆ ಒಂದು ಮಾತು. 1958ರ ‘ರೆಕ್ವಿಯಂ’ ಎರಡು ವೃಂದಗಳು ಪಕ್ಕವಾದ್ಯವಿಲ್ಲದೆ ಪರಸ್ಪರ ಸಂವಾದಿಸುವ ಐದು ಭಾಗಗಳ ದೊಡ್ಡ ಕೃತಿ. ಹಾಡಲು ಬಹಳ ಕಷ್ಟ. ‘ಗುಡ್ ಟೈಡಿಂಗ್ಸ್ ಟು ದ ಮೀಕ್’ನಂಥ ಬಿಡಿ ಹಾಡಾಗಿ ಮಾತ್ರ ಅದನ್ನು ಬಲ್ಲವರು ಹಲವರು. ಸಂಯೋಜಕರ ಅತ್ಯುತ್ತಮ ಕೃತಿಗಳಲ್ಲಿ ಒಂದೆಂದು ನಾನು ನಂಬುವ ಇದನ್ನು ಇಡಿಯಾಗಿ ಕೇಳಲು ಸಾಧ್ಯವಾಗಿರುವುದು ದೊಡ್ಡ ಉಪಕಾರ.

ತಟ್ಟೆಯ ಮೇಲೆ ಏನೇನು ನೋಡಿ ಬರೆದುಕೊಳ್ಳಬೇಕು?

ರಟ್ಟಿಗಿಂತ ತಟ್ಟೆಯ ನಡುವೆ ಅಂಟಿಸಿದ ಕಾಗದದ ಲೇಬಲ್ ನಂಬಿಕಸ್ಥ, ಲೇಬಲ್ಲಿಗಿಂತ ತಟ್ಟೆಯ ಮೈ ನಂಬಿಕಸ್ಥ. ಹಾಡಿನ ಗೆರೆಗಳು ಮುಗಿದು ಲೇಬಲ್ ಆರಂಭವಾಗುವ ಮೊದಲು ಒಂದು ಬೆರಳಗಲದ ನುಣುಪು ಪಟ್ಟಿ ಉಳಿದಿರುತ್ತದೆ. ಮೇಜುದೀಪವನ್ನು ಪಕ್ಕಕ್ಕೆ ತಗ್ಗಿಸಿ, ತಟ್ಟೆಯನ್ನು ಅಂಚಿನಲ್ಲಷ್ಟೇ ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸುತ್ತ ಹೋದರೆ, ಕಪ್ಪು ಮೈಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಕೊರೆದ ಅಂಕಿಗಳು ಒಂದು ಕ್ಷಣ ಹೊಳೆದು ಮಾಯವಾಗುತ್ತವೆ. ಅದೇ ಮ್ಯಾಟ್ರಿಕ್ಸ್ ಸಂಖ್ಯೆ. ಫೋಟೊದಲ್ಲಿ ಅದು ಸರಿಯಾಗಿ ಬೀಳುವುದು ಕಡಿಮೆ, ಕಣ್ಣಾರೆ ಓದಿ ಬರೆದುಕೊಳ್ಳುವುದೇ ಮೇಲು. ಎರಡು ತಟ್ಟೆಗಳ ರಟ್ಟು, ಲೇಬಲ್, ಕ್ಯಾಟಲಾಗ್ ಸಂಖ್ಯೆ ಎಲ್ಲ ಬೇರೆಯಾಗಿದ್ದು ಈ ಸಂಖ್ಯೆ ಒಂದೇ ಆಗಿದ್ದರೆ ಎರಡರಲ್ಲೂ ಇರುವುದು ಒಂದೇ ಗಾಯನವೆಂದು ಬಹುಮಟ್ಟಿಗೆ ಹೇಳಬಹುದು. ವಿಕ್ಟರ್‌ನಂಥ ಹಳೆಯ ಕಂಪನಿಗಳ ಸಂಖ್ಯೆಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಗ್ರಂಥಾಲಯ ನಿರ್ವಹಿಸುವ ಅಮೆರಿಕದ ಐತಿಹಾಸಿಕ ಧ್ವನಿಮುದ್ರಣಗಳ ದತ್ತಸಂಚಯದಲ್ಲಿ ಉಚಿತವಾಗಿ ಹುಡುಕಬಹುದು.

ವರ್ಷವೇ ಇಲ್ಲದ ಎಲ್‌ಪಿಗೆ ಕಾಲ ನಿರ್ಣಯಿಸುವುದು ಹೇಗೆ?

ಹಾಡಿದ ದಿನ, ಪ್ರಕಟವಾದ ವರ್ಷ, ರಟ್ಟಿನ ಬರಹದ ಹಕ್ಕಿನ ವರ್ಷ ಇವು ಮೂರೂ ಬೇರೆಬೇರೆ ಎಂಬುದನ್ನು ಮೊದಲು ನೆನಪಿಡಿ. ವೃತ್ತದೊಳಗೆ ‘ಸಿ’ ಇದ್ದರೆ ಅದು ಬರಹ, ಚಿತ್ರಗಳ ಹಕ್ಕು. ವೃತ್ತದೊಳಗೆ ‘ಪಿ’ ಇದ್ದರೆ ಧ್ವನಿಮುದ್ರಣದ ಹಕ್ಕು. ಅಮೆರಿಕದ ಕೇಂದ್ರ ಕಾನೂನು ಧ್ವನಿಮುದ್ರಣಗಳಿಗೆ ಹಕ್ಕು ಕೊಡಲು ಆರಂಭಿಸಿದ್ದು 1972ರ ಫೆಬ್ರವರಿ 15ರಿಂದ. ಹಾಗಾಗಿ ಅದಕ್ಕೂ ಹಿಂದಿನ ಅಮೆರಿಕನ್ ತಟ್ಟೆಗಳಲ್ಲಿ ಆ ಗುರುತನ್ನು ನಿರೀಕ್ಷಿಸಬೇಡಿ.

ಕಾಲೇಜು ವೃಂದಗಳು ತಾವೇ ಒತ್ತಿಸಿದ ತಟ್ಟೆಗಳಲ್ಲಿ ಎಷ್ಟೋ ಸಲ ಯಾವ ವರ್ಷವೂ ಇರುವುದಿಲ್ಲ. ಆಗ ಸುತ್ತಲಿನ ಕುರುಹುಗಳಿಂದ ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಕಟ್ಟಿಕೊಳ್ಳಬೇಕು. ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1948ರಲ್ಲಿ, ಸ್ಟೀರಿಯೊ ಎಲ್‌ಪಿಗಳು 1958ರ ಸುಮಾರಿಗೆ. ರಟ್ಟಿನ ಹಿಂದಿನ ವಿಳಾಸದಲ್ಲಿ ಐದು ಅಂಕಿಯ ಜಿಪ್ ಕೋಡ್ (ಅಮೆರಿಕದ ಪಿನ್ ಕೋಡ್) ಇದ್ದರೆ ತಟ್ಟೆ 1963ರ ಜುಲೈಗಿಂತ ಹಿಂದಿನದಲ್ಲ, ಏಕೆಂದರೆ ಆ ಪದ್ಧತಿ ಆರಂಭವಾದದ್ದೇ ಆಗ. ಹಾಡಿನ ಪಟ್ಟಿಯಲ್ಲಿ 1963ರ ‘ದ ಬೆಸ್ಟ್ ಆಫ್ ರೂಮ್ಸ್’ ಇದ್ದರೂ ಅದೇ ಬಗೆಯ ಸಾಕ್ಷ್ಯ. ಇಂಥ ತೀರ್ಮಾನವನ್ನು ‘1963ರ ನಂತರ, 1972ಕ್ಕೆ ಮುನ್ನ’ ಎಂದೇ ಬರೆಯಿರಿ. ಮಧ್ಯದ ಒಂದು ವರ್ಷವನ್ನು ಆರಿಸಿ ಹಾಕಿದರೆ ಊಹೆ ನಾಳೆ ಸತ್ಯವಾಗಿ ಚಲಾವಣೆಗೆ ಬರುತ್ತದೆ.

ಶೀರ್ಷಿಕೆಗಳನ್ನು ಕನ್ನಡಕ್ಕೆ ಅನುವಾದಿಸಬಾರದೇಕೆ?

ಶೀರ್ಷಿಕೆ ಹುಡುಕುವ ಕೀಲಿ, ಆದ್ದರಿಂದ ಮೊದಲ ಸ್ಥಾನ ಮೂಲ ಶೀರ್ಷಿಕೆಯ ಲಿಪ್ಯಂತರಕ್ಕೆ. ಆದರೆ ಟಿಪ್ಪಣಿಯಲ್ಲಿ ಕನ್ನಡ ಅರ್ಥ ಕೊಡುವುದು ಸ್ವಾಗತಾರ್ಹ, ಬೈಬಲ್ ಸಾಹಿತ್ಯವಿರುವಲ್ಲಿ ಕನ್ನಡ ಬೈಬಲ್ಲಿನ ಅಧ್ಯಾಯ ಮತ್ತು ವಚನದ ಸಂಖ್ಯೆ ಕೊಟ್ಟರೆ ಓದುಗರು ಹಾಡಿನ ಮಾತನ್ನು ತಮ್ಮ ನುಡಿಯಲ್ಲೇ ಓದಿಕೊಂಡು ಕೇಳಬಹುದು. ‘ಸ್ಟಾಪಿಂಗ್ ಬೈ ವುಡ್ಸ್’ ಕವಿತೆಗೆ ನಮ್ಮಲ್ಲಿ ಪರಿಚಯ ಹೇಳಬೇಕಿಲ್ಲ. ಅದರ ಕೊನೆಯ ಸಾಲುಗಳನ್ನು ನೆಹರೂ ತಮ್ಮ ಕೊನೆಯ ದಿನಗಳಲ್ಲಿ ಕೈಯಾರೆ ಬರೆದು ಹತ್ತಿರ ಇಟ್ಟುಕೊಂಡಿದ್ದರೆಂಬುದನ್ನು ಓದಿಯೇ ಎಷ್ಟೋ ಮಂದಿ ಆ ಕವಿತೆಯ ಬಳಿಗೆ ಹೋಗಿದ್ದಾರೆ. ಅವರಲ್ಲಿ ಒಬ್ಬರಾದರೂ ಗಂಡಸರ ವೃಂದ ಅದನ್ನು ತಗ್ಗಿದ ದನಿಯಲ್ಲಿ ಹಾಡುವುದನ್ನು ಕೇಳಲಿ ಎಂಬ ಆಸೆ ನನಗಿದೆ.

ದಾಖಲಿಸಿದ ಹಾಡನ್ನು ಅಂತರ್ಜಾಲಕ್ಕೆ ಏರಿಸಬಹುದೇ?

ದಾಖಲಿಸುವುದಕ್ಕೆ ಯಾರ ಅನುಮತಿಯೂ ಬೇಡ, ಧ್ವನಿಯನ್ನು ಹಂಚುವುದಕ್ಕೆ ಬೇಕು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಸಂಗೀತ ಕೃತಿಯ ಹಕ್ಕು ಸಂಯೋಜಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಥಾಂಪ್ಸನ್ ತೀರಿಕೊಂಡದ್ದು 1984ರಲ್ಲಿ, ಆದ್ದರಿಂದ ಇಲ್ಲಿ ಅವರ ಕೃತಿಗಳ ಹಕ್ಕು 2044ರ ಕೊನೆಯವರೆಗೂ ಇರಬಹುದು. ತಟ್ಟೆ ಹಳೆಯದಾದ ಮಾತ್ರಕ್ಕೆ ಅದರೊಳಗಿನ ಕೃತಿ ಮುಕ್ತವಾಗುವುದಿಲ್ಲ. ಅಮೆರಿಕದಲ್ಲಿ 2018ರ ಕಾನೂನಿನ ಪ್ರಕಾರ 1923ರಿಂದ 1946ರ ನಡುವೆ ಪ್ರಕಟವಾದ ಧ್ವನಿಮುದ್ರಣಗಳಿಗೆ 100 ವರ್ಷ, 1947ರಿಂದ 1956ರವುಗಳಿಗೆ 110 ವರ್ಷ ರಕ್ಷಣೆಯಿದೆ. ಅದರ ನಂತರದಿಂದ 1972ರ ಫೆಬ್ರವರಿ 15ಕ್ಕೆ ಮುಂಚಿನವು 2067ರವರೆಗೆ ರಕ್ಷಿತ. ಅನುಮತಿ ಇಲ್ಲದ ಕಡತಗಳ ಕೊಂಡಿಯನ್ನು ನಮೂದಿನಲ್ಲಿ ಕೊಡಬೇಡಿ.

ಯೂಟ್ಯೂಬ್‌ನಲ್ಲಿರುವ ಶಾಲಾ ವೃಂದಗಳ ವಿಡಿಯೊಗಳನ್ನು ಸೇರಿಸಬೇಕೆ?

ವೃಂದದ ಹೆಸರು, ಸ್ಥಳ, ದಿನಾಂಕ ಮೂರೂ ಖಚಿತವಾಗಿ ಸಿಕ್ಕಿದರೆ ಸೇರಿಸಿ. ಹಾಡುವ ಮಕ್ಕಳ ಹೆಸರುಗಳನ್ನು ಬರೆಯಬೇಡಿ, ವೃಂದದ ಮತ್ತು ನಿರ್ದೇಶಕರ ಹೆಸರು ಸಾಕು. ವಿಡಿಯೊ ಯಾವಾಗ ಬೇಕಾದರೂ ಅಳಿಸಿಹೋಗಬಹುದಾದ್ದರಿಂದ ನೀವು ನೋಡಿದ ದಿನಾಂಕವನ್ನು ಕಡ್ಡಾಯವಾಗಿ ನಮೂದಿಸಿ.

ನಮೂದಿನಲ್ಲಿ ತಪ್ಪು ಕಂಡರೆ ಏನು ಮಾಡಬೇಕು?

ಹಳೆಯ ಮಾಹಿತಿಯನ್ನು ಅಳಿಸದೆ, ಅದರ ಕೆಳಗೆ ಹೊಸದನ್ನು ಬರೆದು, ಯಾವ ಆಧಾರದ ಮೇಲೆ ತಿದ್ದಿದಿರಿ ಎಂಬುದನ್ನು ತಿಳಿಸಿ: ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೇ, ಗಾಯನವನ್ನು ಕೇಳಿದ್ದೇ, ಬೇರೆ ಪಟ್ಟಿಯಲ್ಲಿ ಓದಿದ್ದೇ? ಬೇರೆ ಪಟ್ಟಿಗಿಂತ ಕೇಳಿದ್ದಕ್ಕೆ ಹೆಚ್ಚು ತೂಕ. ತಟ್ಟೆಯ ಎರಡು ಪ್ರತಿಗಳಲ್ಲಿ ವಿವರ ಬೇರೆಬೇರೆಯಾಗಿ ಕಂಡರೆ ಎರಡನ್ನೂ ಉಳಿಸಿ, ಏಕೆಂದರೆ ಒಂದೇ ತಟ್ಟೆಯನ್ನು ಮರುಮುದ್ರಿಸುವಾಗ ಅಚ್ಚುಮನೆಯವರು ಲೇಬಲ್ಲಿನ ತಪ್ಪನ್ನು ತಿದ್ದಿರುವುದುಂಟು, ಹಾಗಿದ್ದಲ್ಲಿ ಎರಡು ಪ್ರತಿಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುತ್ತವೆ.